ತಣ್ಣೀರಿನ ಕೊಳವೆಗೆ ತಕ್ಕ ಕವಾಟ
(ಶಾಲಾ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣ)



ದೊಡ್ಡ ಆಸ್ಪತ್ರೆಗಳಲ್ಲಿ ಕೋಣೆಗೊಂದು ಯಂತ್ರವಿಡುವ ಬದಲು, ಒಂದೆಡೆ ನೀರನ್ನು ತಣಿಸಿ ಕೊಳವೆಗಳ ಮೂಲಕ ಕಟ್ಟಡದಲ್ಲೆಲ್ಲ ಹರಿಯಿಸುವ ಪದ್ಧತಿಯುಂಟು. ಸಾಮಾನ್ಯವಾಗಿ ಆ ನೀರು 6–7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಟು, ಕೋಣೆಗಳ ಶಾಖವನ್ನು ಹೀರಿ, ಸುಮಾರು 12 ಡಿಗ್ರಿಯಾಗಿ ಹಿಂದಿರುಗುತ್ತದೆ. ಈ ಹರಿವನ್ನು ಆಳುವುದೇ ಕವಾಟ, ಎಂದರೆ ವಾಲ್ವ್. ನಮ್ಮ ಮಕ್ಕಳಲ್ಲಿ ಹಲವರು ಮುಂದೆ ಇಂತಹ ಕೆಲಸಗಳನ್ನೇ ಹಿಡಿಯುವರಾದುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಕವಾಟವನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ಅದರ ಕಾರ್ಯವನ್ನು ವಿಚಾರಿಸಬೇಕು. ಕಾರ್ಯಗಳು ಮುಖ್ಯವಾಗಿ ಮೂರು: ನೀರನ್ನು ತಡೆಯುವುದು, ಹರಿವನ್ನು ಮಿತಗೊಳಿಸುವುದು, ಹಿಮ್ಮುಖ ಹರಿವನ್ನು ನಿಲ್ಲಿಸುವುದು.

ತಡೆಯುವುದಕ್ಕೆ ಗೇಟ್ ಕವಾಟವಿದೆ. ಅದು ಪೂರ್ಣ ತೆರೆದಿರಬೇಕು, ಇಲ್ಲವೇ ಪೂರ್ಣ ಮುಚ್ಚಿರಬೇಕು. ಅರೆತೆರೆದಿಟ್ಟರೆ ರಭಸದ ನೀರು ಅದನ್ನು ನಡುಗಿಸಿ, ಅಂಚನ್ನು ಸವೆಯಿಸುತ್ತದೆ. ಅಗತ್ಯ ಬಿದ್ದಾಗ ಅದು ಬಿಗಿಯಾಗಿ ಮುಚ್ಚಲಾರದು. ಸುಮಾರು 50 ಮಿಲಿಮೀಟರಿನವರೆಗಿನ ಕೊಳವೆಗಳಿಗೆ ಬಾಲ್ ಕವಾಟವೂ, ದೊಡ್ಡವಕ್ಕೆ ಹಗುರವಾದ ಬಟರ್‌ಫ್ಲೈ ಕವಾಟವೂ ಹೆಚ್ಚು ಬಳಕೆಯಲ್ಲಿವೆ. ಬಟರ್‌ಫ್ಲೈಯಲ್ಲಿ ವೇಫರ್, ಲಗ್ ಎಂಬ ಎರಡು ಬಗೆಗಳು. ವೇಫರನ್ನು ಎರಡು ಕೊಳವೆಗಳ ನಡುವೆ ಅದುಮಿ ಹಿಡಿದಿರುತ್ತಾರೆ. ಒಂದನ್ನು ಕಳಚಿದರೆ ಅದಕ್ಕೆ ಹಿಡಿತವೇ ಇಲ್ಲ. ಲಗ್ಗಿನಲ್ಲಿ ಎರಡು ಪಕ್ಕಗಳಿಗೂ ಬೇರೆ ಬೇರೆ ಬೋಲ್ಟುಗಳಿವೆ. ಆದುದರಿಂದ, ಅಂತಹ ಸೇವೆಗೆಂದೇ ತಯಾರಾದ ಲಗ್ ಕವಾಟವಿದ್ದರೆ, ಒಂದು ಯಂತ್ರವನ್ನು ಕಳಚಿ ದುರಸ್ತಿಮಾಡುವಾಗಲೂ ಶಸ್ತ್ರಚಿಕಿತ್ಸೆಯ ಕೊಠಡಿಗೆ ತಂಪು ತಪ್ಪುವುದಿಲ್ಲ.

ಮಿತಗೊಳಿಸುವುದಕ್ಕೆ ಗ್ಲೋಬ್ ಅಥವಾ ಸಮತೋಲನ ಕವಾಟ ಬೇಕು. ಅಡಿಕೆ ತೋಟದ ಕಾಲುವೆಯನ್ನು ನೋಡಿರಿ: ಮೊದಲಿನವನು ಮನಸೋಕ್ತ ನೀರು ತಿರುಗಿಸಿಕೊಂಡರೆ ಕೊನೆಯವನ ತೋಟ ಒಣಗುತ್ತದೆ. ಇಲ್ಲಿಯೂ ಪಂಪಿನ ಬಳಿಯ ಕೋಣೆ ಚಳಿಯಲ್ಲಿ ನಡುಗಿ, ದೂರದ್ದು ಬೆವರುವುದು. ಸ್ವಯಂಚಾಲಿತ ಕವಾಟಗಳಲ್ಲಿ ಮೂರು ದಾರಿಯದು ಬೇಡವಾದ ನೀರನ್ನು ಪಕ್ಕದಿಂದ ಹಿಂದಿರುಗಿಸುತ್ತದೆ. ಪಂಪಿನ ಶ್ರಮ ತಗ್ಗುವುದಿಲ್ಲ. ಎರಡು ದಾರಿಯದು ಹರಿವನ್ನೇ ತಗ್ಗಿಸುವುದರಿಂದ ಪಂಪಿನ ವೇಗವನ್ನು ಇಳಿಸಬಹುದು. ವೇಗ ಅರ್ಧವಾದರೆ ಬೇಕಾಗುವ ಶಕ್ತಿ, ಸಿದ್ಧಾಂತದ ಪ್ರಕಾರ, ಎಂಟನೆಯ ಒಂದು ಪಾಲು ಮಾತ್ರ! ವ್ಯವಹಾರದಲ್ಲಿ ಉಳಿತಾಯ ಇಷ್ಟಿರದಿದ್ದರೂ ಅಲ್ಪವೇನಲ್ಲ.

ಹಿಮ್ಮುಖ ಹರಿವಿಗೆ ಚೆಕ್ ಕವಾಟ. ಜೊತೆಯ ಎರಡು ಪಂಪುಗಳಲ್ಲಿ ಒಂದು ನಿಂತಾಗ, ಇದಿಲ್ಲದಿದ್ದರೆ ಮತ್ತೊಂದು ತಳ್ಳಿದ ನೀರು ನಿಂತ ಪಂಪಿನೊಳಗಿಂದಲೇ ಮರಳಿಬಿಡುವುದು.

ಕೊನೆಯದಾಗಿ, ನಮ್ಮ ಕಾಸರಗೋಡಿನಂತಹ ಕರಾವಳಿಗೆ ವಿಶೇಷವಾದ ಒಂದು ಮಾತು. ತೇವದ ಗಾಳಿ ತಣ್ಣನೆಯ ಲೋಹವನ್ನು ಸೋಕಿದೊಡನೆ ಹನಿಗಟ್ಟುತ್ತದೆ. ಕೊಳವೆಯಂತೆ ಕವಾಟಕ್ಕೂ ನಿರೋಧಕ ಹೊದಿಕೆ ಬೇಕು. ಹಿಡಿಕೆ ಆ ಹೊದಿಕೆಯ ಹೊರಗೆ ನಿಲ್ಲುವಂತೆ ಅದರ ದಂಡ ಉದ್ದವಾಗಿರಬೇಕು. ದಂಡ ಗಿಡ್ಡವಾದರೆ ಹೊದಿಕೆಯನ್ನು ಕತ್ತರಿಸುವರು. ಅಲ್ಲಿಂದ ನೀರು ತೊಟ್ಟಿಕ್ಕಿ ಕಬ್ಬಿಣ ತುಕ್ಕುಹಿಡಿಯುವುದು, ಛಾವಣಿಗೆ ಬೂಷ್ಟು ಹತ್ತುವುದು.

ವಿದ್ಯಾರ್ಥಿಗಳೇ, ಹೆಸರುಗಳು ಪರಭಾಷೆಯವಾದರೂ ಕಾರ್ಯಕಾರಣಗಳು ಯಾವ ಭಾಷೆಯಲ್ಲಿಯೂ ಒಂದೇ. ಕನ್ನಡದಲ್ಲಿ ಅವನ್ನು ಸ್ಪಷ್ಟವಾಗಿ ತಿಳಿದವನು ಎಲ್ಲಿ ಹೋದರೂ ಸರಿಯಾದ ಕವಾಟವನ್ನೇ ಕೇಳಿ ಪಡೆಯುವನು.