ಯಂತ್ರ ಬಂದರೆ ಸಾಲದು, ಮೇಷ್ಟ್ರು ಕಲಿಯಬೇಕು

(ಬಂಗಾರಪೇಟೆಯ ಸಭೆಯಲ್ಲಿ ಮಾಡಿದ ಭಾಷಣ)

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬಂತು. ತಂತಿ ಎಳೆದ ಮಾತ್ರಕ್ಕೆ ಗಣಿ ನಡೆಯಲಿಲ್ಲ. ಆಳುಗಳನ್ನು ಪಾತಾಳಕ್ಕಿಳಿಸುವ ಯಂತ್ರಕ್ಕೆ ಕಲಿತ ಕೈ ಬೇಕಾಗಿತ್ತು. ಮಿಲ್ಲಿನಲ್ಲೂ ಹಾಗೆಯೆ. ಹಳಬರ ಪಕ್ಕದಲ್ಲಿ ನಿಂತು ಕಲಿಯದವನ ಕೈಗೆ ಯಾರೂ ಯಂತ್ರ ಒಪ್ಪಿಸುವುದಿಲ್ಲ. ನಮ್ಮ ಮಕ್ಕಳ ಶಾಲೆಗೆ ಯಂತ್ರ ಬಂದಾಗ ಈ ಸರಳ ನ್ಯಾಯ ಏಕೆ ಮರೆತುಹೋಯಿತು?

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದೇ ವರ್ಷ ಸರ್ಕಾರ 'ಮಾಹಿತಿ ಸಿಂಧು' ಯೋಜನೆ ತಂದು 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ಕೊಡಹೊರಟಿತು. ಉದ್ದೇಶ ಒಳ್ಳೆಯದೆ. ಆದರೆ ಯಂತ್ರವೂ ಗುತ್ತಿಗೆ, ಕಲಿಸುವವರೂ ಗುತ್ತಿಗೆ. ಕಂಪ್ಯೂಟರು ಬೇರೊಂದು ಕೋಣೆಯ ಬೇರೊಂದು ಪಾಠವಾಯಿತು. ಗಣಿತದ ಮೇಷ್ಟ್ರು, ವಿಜ್ಞಾನದ ಮೇಷ್ಟ್ರು ಬಾಗಿಲ ಹೊರಗೆ ಉಳಿದರು. ಗುತ್ತಿಗೆ ಮುಗಿದರೆ ವಿದ್ಯೆಯೂ ಮುಗಿಯುವ ಏರ್ಪಾಡು ಅದು.

ಬೇರೆ ದಾರಿ ಇಲ್ಲವೆ? ಇದೆ. 2011ರಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು 'ಐಟಿ ಫಾರ್ ಚೇಂಜ್' ಎಂಬ ಸಂಸ್ಥೆಯೊಡನೆ ಸೇರಿ 'ವಿಷಯ ಶಿಕ್ಷಕರ ವೇದಿಕೆ'ಯನ್ನು ಆರಂಭಿಸಿತು. ಅಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಯಂತ್ರದ ಮುಂದೆ ಕುಳಿತರು. 'ಜಿಯೋಜಿಬ್ರಾ' ಎಂಬ, ಕಾಸು ಕೊಡಬೇಕಿಲ್ಲದ ಸಾಧನವನ್ನು ಕಲಿತರು. ಕರಿಹಲಗೆಯ ಮೇಲೆ ಬರೆದ ತ್ರಿಕೋನ ಒಂದೇ. ಪರದೆಯ ಮೇಲಿನ ತ್ರಿಕೋನದ ಮೂಲೆ ಹಿಡಿದೆಳೆದರೆ ಆಕಾರ ನೂರು ಬಗೆ ಬದಲಾಗುತ್ತದೆ. ಮೂರು ಕೋನಗಳ ಮೊತ್ತ ಮಾತ್ರ 180 ಡಿಗ್ರಿಯೇ. "ಬದಲಾದದ್ದು ಯಾವುದು, ಉಳಿದದ್ದು ಯಾವುದು?" ಎಂದು ಆ ಗಳಿಗೆಯಲ್ಲಿ ಕೇಳುವವರು ಮೇಷ್ಟ್ರು. ಆ ಪ್ರಶ್ನೆಯಿಲ್ಲದಿದ್ದರೆ ಅದು ಬರಿಯ ಬೊಂಬೆಯಾಟ.

2020ರಲ್ಲಿ ಶಾಲೆ ಮುಚ್ಚಿದಾಗ ಇನ್ನೂ ಸ್ಪಷ್ಟವಾಯಿತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆದರೂ ಮೇಷ್ಟ್ರುಗಳು 'ವಿದ್ಯಾಗಮ'ದಲ್ಲಿ ಮಕ್ಕಳಿದ್ದಲ್ಲಿಗೇ ನಡೆಯಬೇಕಾಯಿತು. ಪೆಟ್ಟಿಗೆ ಪಾಠ ಹೇಳುತ್ತದೆ. ಮಗುವಿನ ಮುಖ ನೋಡುವುದಿಲ್ಲ. ಚಿನ್ನದ ಗಣಿಯ ಮಗು ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡುತ್ತದೆ. ಯಾವ ಮಾತು ಅದಕ್ಕೆ ತೊಡಕಾಯಿತೆಂದು ಪೆಟ್ಟಿಗೆಗೆ ಏನು ಗೊತ್ತು?

ಇದು ಮೇಷ್ಟ್ರುಗಳ ವಿಷಯ, ನಮಗೇಕೆ ಎನ್ನಬೇಡಿ. ಗಣಿ ಮುಚ್ಚಿದ ಮೇಲೆ ನಮ್ಮವರು ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಅಲ್ಲಿ ನಮ್ಮ ಮಕ್ಕಳು ಯಂತ್ರದ ಒರೆಸುಬಟ್ಟೆ ಹಿಡಿಯಬೇಕೋ, ಯಂತ್ರವನ್ನೇ ಹಿಡಿಯಬೇಕೋ ಎಂಬುದು ಈ ತರಗತಿಗಳಲ್ಲಿ ತೀರ್ಮಾನವಾಗುತ್ತದೆ. ಉಳ್ಳವರ ಮಗುವಿಗೆ ಮನೆಪಾಠವಿದೆ. ನಮ್ಮ ಮಗುವಿಗೆ ಸರ್ಕಾರಿ ಮೇಷ್ಟ್ರೊಬ್ಬರೇ ಗತಿ.

ನಾವು ಕೇಳುವುದಿಷ್ಟೆ. ಕಂಪ್ಯೂಟರಿಗೆ ಹಣ ತೆಗೆದಿಡುವಾಗಲೇ ಮೇಷ್ಟ್ರ ತರಬೇತಿಗೂ ತೆಗೆದಿಡಲಿ. ತರಬೇತಿ ಒಂದು ದಿನದ ಶಾಸ್ತ್ರವಾಗದೆ ವರ್ಷವರ್ಷವೂ ನಡೆಯಲಿ. ಕಲಿಯಲು ಬಿಡುವು ಸಿಗುವಂತೆ ಬೇರೆ ಬೇರೆ ಲೆಕ್ಕಪತ್ರದ ಹೊರೆ ಇಳಿಯಲಿ. ಕೆಟ್ಟ ಯಂತ್ರ ರಿಪೇರಿಯಾಗಲಿ.

ಬಂಧುಗಳೆ, ತಕ್ಕಡಿ ಸರಿಯಿದೆಯೆ ಎಂದು ನೋಡದೆ ಅಂಗಡಿಯಲ್ಲಿ ನಾವು ಬೇಳೆ ಕೊಳ್ಳುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ. ಕಂಪ್ಯೂಟರು ಎಷ್ಟಿವೆ ಎಂದಷ್ಟೇ ಕೇಳಬೇಡಿ. ಅವುಗಳಿಂದ ಪಾಠ ಮಾಡಲು ಕಲಿತ ಮೇಷ್ಟ್ರು ಎಷ್ಟು ಮಂದಿ ಎಂದು ಕೇಳಿ.