ಚೀನೀಯರೂ ಇಂಗ್ಲೀಷಿನ 'ಬಾರೋ' ಕ್ರಿಯಾಪದವೂ

ಇಂಗ್ಲೀಷನ್ನು ಅಭ್ಯಾಸಮಾಡುತ್ತಿರುವ ಚೀನೀ ವಿದ್ಯಾರ್ಥಿಯು ಜತೆಗಾರನಿಂದ ಲೇಖನಿಯನ್ನು ಬೇಡುವಾಗ "ಕ್ಯಾನ್ ಯು ಬಾರೋ ಮಿ ಯುವರ್ ಪೆನ್" ಎನ್ನುವುದುಂಟು. 'ಲೆಂಡ್' ಇರಬೇಕಾದ ಕಡೆ 'ಬಾರೋ' ಬಂದು ಕುಳಿತಿತು. ಉಪಾಧ್ಯಾಯರು ತಿದ್ದುತ್ತಾರೆ. ಮರುವಾರ ಅದೇ ವಿದ್ಯಾರ್ಥಿಯು ಪುಸ್ತಕಭಂಡಾರದಿಂದ ತಂದ ಗ್ರಂಥವನ್ನು ಕುರಿತು "ಐ ಲೆಂಟ್ ದಿಸ್ ಬುಕ್ ಫ್ರಮ್ ದಿ ಲೈಬ್ರರಿ" ಎಂದು ಬರೆದು ತರುತ್ತಾನೆ. ಇದನ್ನು ಅಜಾಗರೂಕತೆಯೆಂದು ಎಣಿಸಿ ಗದರಿಸುವುದು ಸುಲಭ. ಆದರೆ ಈ ತಪ್ಪು ಹುಟ್ಟಿದ್ದು ಅವನ ತಾಯ್ನುಡಿಯ ಕ್ರಮದಿಂದ. ಆ ಕ್ರಮವನ್ನು ಅರಿಯದೆ ತಿದ್ದುವವರ ಕೆಂಪು ಶಾಯಿ ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಪೀಕಿಂಗಿನಲ್ಲಿ 1862ರಲ್ಲಿ ತೊಂಗ್ವೆನ್ ಗ್ವಾನ್ ಎಂಬ ಸರಕಾರೀ ಭಾಷಾಶಾಲೆಯು ಸ್ಥಾಪಿತವಾದಾಗ ಅಲ್ಲಿ ಮೊದಲು ಬೋಧಿಸಿದ ಪರಭಾಷೆ ಇಂಗ್ಲೀಷೇ. ಅಂದಿನಿಂದ ಎಷ್ಟು ತಲೆಮಾರುಗಳ ಚೀನೀಯರು ಈ ಎರಡು ಕ್ರಿಯಾಪದಗಳೊಡನೆ ಹೆಣಗಿದ್ದಾರೋ! ಚೀನೀ ಭಾಷೆಯಲ್ಲಿ 'ಜ್ಯೆ' ಎಂಬ ಒಂದೇ ಮಾತು ಎರಡು ಕೆಲಸಗಳನ್ನೂ ಮಾಡುತ್ತದೆ. ವಸ್ತುವು ಹಿಂದಿರುಗಬೇಕೆಂಬ ಕಟ್ಟಿನ ಮೇಲೆ ಕೈ ಬದಲಾಯಿಸಿತು ಎಂಬಷ್ಟನ್ನು ಅದು ಹೇಳುತ್ತದೆ. ಯಾವ ಕೈಯಿಂದ ಯಾವ ಕೈಗೆ ಎಂಬುದನ್ನು ಹೇಳುವುದಿಲ್ಲ. "ವೊ ಜ್ಯೆ ತಾ ಯಿ ಬೆನ್ ಷು" ಎಂಬ ವಾಕ್ಯವು ಅಲ್ಲಿನ ವೈಯಾಕರಣರಿಗೆ ಚೆನ್ನಾಗಿ ಪರಿಚಿತವಾದದ್ದು. ನಾನು ಅವನಿಗೆ ಪುಸ್ತಕವನ್ನು ಎರವಲು ಕೊಟ್ಟೆನೆಂದೂ ಅರ್ಥವಾಗುತ್ತದೆ, ಅವನಿಂದ ಎರವಲು ತಂದೆನೆಂದೂ ಅರ್ಥವಾಗುತ್ತದೆ.

ಪುಸ್ತಕದ ಮಾತು ಹಾಗಿರಲಿ. ಹಣದ ವಿಷಯದಲ್ಲಿ ಇದು ಹುಡುಗಾಟವಲ್ಲ. ಚಾಂಗ್, ಲೀ ಎಂಬ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರ ನಡುವಣ ಸಾಲಪತ್ರದಲ್ಲಿ "ಚಾಂಗ್ ಜ್ಯೆ ಲೀ ನೂರು ಯುವಾನ್" ಎಂದು ಮಾತ್ರ ಬರೆದಿದ್ದರೆ ಸಾಲಗಾರನು ಯಾರು? ಸ್ನೇಹವಿರುವ ತನಕ ಇಬ್ಬರಿಗೂ ಗೊತ್ತು. ಸ್ನೇಹ ಕೆಟ್ಟ ದಿನ ಕಾಗದವು ಇಬ್ಬರ ಪರವಾಗಿಯೂ ಸಾಕ್ಷಿ ನುಡಿಯುತ್ತದೆ! ಆದಕಾರಣ ವಿವೇಕಿಗಳು ಅಲ್ಲಿ ಇನ್ನೊಂದು ಪದವನ್ನು ಸೇರಿಸುತ್ತಾರೆ. 'ಜ್ಯೆ'ಯ ಹಿಂದೆಯೇ 'ಗೆಯ್', ಎಂದರೆ 'ಕೊಡು', ಬಂದರೆ ಕರ್ತೃವು ಸಾಲ ಕೊಟ್ಟವನು. 'ಜ್ಯೆ'ಗೆ ಮೊದಲು 'ಶ್ಯಾಂಗ್' ಎಂಬ ಪದದೊಡನೆ ಎದುರಾಳಿಯ ಹೆಸರು ಬಂದರೆ ಕರ್ತೃವು ಸಾಲ ತಂದವನು.

ಚೀನೀ ಭಾಷೆಯೊಂದೇ ಹೀಗೆಂದು ಭಾವಿಸಬಾರದು. ಇಂಗ್ಲೀಷಿಗೆ ದಾಯಾದಿಯಾದ ಜರ್ಮನ್ ಭಾಷೆಯ 'ಲೈಯೆನ್', 'ಬೊರ್ಗೆನ್' ಎಂಬ ಕ್ರಿಯಾಪದಗಳೂ ಎರಡು ದಿಕ್ಕಿಗೂ ಸಲ್ಲುತ್ತವೆ. ಇಂಗ್ಲೀಷು ಮಾತ್ರ ಕರ್ತೃವು ನಿಂತ ಪಕ್ಷವನ್ನು ಕ್ರಿಯಾಪದದ ಒಡಲಲ್ಲಿಯೇ ಇರಿಸಿತು. ನಮ್ಮ ಕನ್ನಡವು ಈ ವಿಷಯದಲ್ಲಿ ಇಂಗ್ಲೀಷಿಗಿಂತ ಚೀನಕ್ಕೇ ಹತ್ತಿರವೆಂಬುದು ಸ್ವಾರಸ್ಯ. 'ಕಡ' ಎಂದಾಗ ದಿಕ್ಕು ತಿಳಿಯದು. 'ಕಡ ಕೊಟ್ಟೆ', 'ಕಡ ತಂದೆ' ಎಂದಾಗ ತಿಳಿಯುತ್ತದೆ.

ಹೀಗಿರುವಲ್ಲಿ ಚೀನೀ ವಿದ್ಯಾರ್ಥಿಗೆ 'ಬಾರೋ ಎಂದರೆ ಜ್ಯೆ, ಲೆಂಡ್ ಎಂದರೆ ಜ್ಯೆ' ಎಂದು ಕೋಶದ ಅರ್ಥವನ್ನು ಬಾಯಿಪಾಠ ಮಾಡಿಸಿ ಫಲವೇನು? ಅವನ ಭಾಷೆಯ 'ಗೆಯ್' ಪದವನ್ನೇ ಅವನಿಗೆ ಊರುಗೋಲಾಗಿ ಕೊಡಬೇಕು. ನಿನ್ನ ವಾಕ್ಯದಲ್ಲಿ 'ಗೆಯ್' ಸೇರಿಸಬಹುದೆ? ಸೇರಿಸಬಹುದಾದರೆ 'ಲೆಂಡ್', ಇಲ್ಲವಾದರೆ 'ಬಾರೋ', ಅದರ ಬೆನ್ನಿಗೆ 'ಫ್ರಮ್'. ವ್ಯಾಕರಣದ ಹತ್ತು ಸೂತ್ರಗಳಿಗಿಂತ ಈ ಒಂದು ಪ್ರಶ್ನೆ ಹೆಚ್ಚು ಉಪಕಾರಿಯೆಂದು ನಾವು ಬಲ್ಲೆವು.

'ಜ್ಯೆ'ಯ ವ್ಯಾಪ್ತಿಯೂ 'ಬಾರೋ'ಗಿಂತ ದೊಡ್ಡದು. ಜನಸಂದಣಿಯಲ್ಲಿ ದಾರಿ ಬಿಡಿರೆಂದು ಕೇಳುವ ಚೀನೀಯನು 'ಜ್ಯೆ ಗ್ವೊ' ಎನ್ನುತ್ತಾನೆ. ದಾಟಿಹೋಗುವುದನ್ನೇ ಎರವಲು ಬೇಡಿದಂತೆ! ಪರರ ಮನೆಯ ಶೌಚಗೃಹವನ್ನು ಉಪಯೋಗಿಸಲು ಅಪ್ಪಣೆ ಬೇಡುವಾಗಲೂ ಅದೇ ಮಾತು. ಇಂಗ್ಲೀಷಿನಲ್ಲಿ ಅಲ್ಲಿ 'ಯೂಸ್' ಎನ್ನಬೇಕು. 'ಬಾರೋ' ಎಂದರೆ ಶೌಚಗೃಹವನ್ನು ಹೊತ್ತುಕೊಂಡು ಹೋಗುವನೇನೋ ಎಂದು ಮನೆಯವರು ಗಾಬರಿಯಾದಾರು.

ಇನ್ನು ಕಾಲಾವಧಿಯ ತೊಡಕು. 'ಬಾರೋ' ಎಂಬುದು ಒಂದು ಕ್ಷಣದಲ್ಲಿ ಮುಗಿಯುವ ಕ್ರಿಯೆ. ಆದ್ದರಿಂದ "ಎಷ್ಟು ದಿನ ಇಟ್ಟುಕೊಳ್ಳಬಹುದು" ಎಂದು ಕೇಳಲು 'ಕೀಪ್' ಬಳಸಬೇಕು ಎಂದು ಚೀನದ ಶಾಲೆಗಳಲ್ಲಿ ಕಟ್ಟುನಿಟ್ಟಾಗಿ ಕಲಿಸುತ್ತಾರೆ. "ಹೌ ಲಾಂಗ್ ಕ್ಯಾನ್ ಐ ಕೀಪ್ ಇಟ್" ಎಂಬುದು ಅವರಿಗೆ ಕಂಠಪಾಠ. ನಿಯಮ ಒಳ್ಳೆಯದೇ, ಆದರೆ ಸ್ವಲ್ಪ ಬಿಗಿಯಾಯಿತು. "ಐ ಹ್ಯಾವ್ ಬಾರೋಡ್ ಇಟ್ ಫಾರ್ ಟೂ ವೀಕ್ಸ್" ಎಂದು ಇಂಗ್ಲೀಷರೂ ಹೇಳಿಯಾರು. ಆಗ ಅದರ ಅರ್ಥ ಪುಸ್ತಕವು ಎರಡು ವಾರದಿಂದ ನನ್ನಲ್ಲಿದೆ ಎಂದಲ್ಲ. ಎರಡು ವಾರದ ಗಡುವಿನ ಮೇಲೆ ತಂದಿದ್ದೇನೆ ಎಂದು.