ಪ್ರಸವದ ಹೊತ್ತಿನಲ್ಲಿ ಮೊದಲು ಕಿವಿಗೆ ಬೀಳಬೇಕಾದ ಮಾತು

(ಮೈಸೂರಿನಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ.



ಕೆಲವು ವಾರಗಳ ಹಿಂದೆ ಇಶಾ ನಮಾಝ್ ಮುಗಿದ ಮೇಲೆ ಒಬ್ಬ ಯುವಕ ನನಗಾಗಿ ಕಾದು ನಿಂತಿದ್ದ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆಯಾಗಿತ್ತು. "ಹಝ್ರತ್, ಮಗು ಚೆನ್ನಾಗಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ನೋವಿಗೆ ಕೂಗಿದಳೆಂದು ಅವಳ ತೊಡೆಗೆ ಹೊಡೆದರಂತೆ, ಕೆಟ್ಟದಾಗಿ ಬೈದರಂತೆ. ಹದಿನೈದು ದಿನವಾಯಿತು, ನೆನೆದು ನೆನೆದು ಅಳುತ್ತಾಳೆ" ಎಂದ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಹೆರಿಗೆ ಎಂದಮೇಲೆ ಇದೆಲ್ಲ ಇದ್ದದ್ದೇ, ಬಿಡಪ್ಪ" ಎಂದರು. ಆ ಹಿರಿಯರು ಕೆಟ್ಟವರಲ್ಲ. ನಾವೆಲ್ಲರೂ ಹಾಗೆಯೇ ಹೇಳುತ್ತೇವೆ. ಆದರೆ ಇದು ನಿಜಕ್ಕೂ "ಇದ್ದದ್ದೇ" ಎಂದು ಬಿಡುವ ವಿಷಯವೇ?

ಪವಿತ್ರ ಕುರ್‌ಆನಿನ ಮರ್ಯಮ್ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಪ್ರಸವ ವೇದನೆ ಹಝ್ರತ್ ಮರ್ಯಮ್(ಅ)ರನ್ನು ಖರ್ಜೂರದ ಮರದ ಬುಡಕ್ಕೆ ತಂದಿತು. ಜೊತೆಗೆ ಯಾರೂ ಇಲ್ಲ. ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಆ ಪುಣ್ಯವತಿಯೇ ನೋವಿನಲ್ಲಿ ಹಲುಬಿದರು. ಅಲ್ಲಾಹನು ಆ ಕೂಗಿಗೆ ಅವರನ್ನು ಗದರಿಸಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನವೇ ಅವರಿಗೆ ಕೇಳಿಸಿದ ಮೊದಲ ಮಾತು. ಆಮೇಲೆ ಕುಡಿಯಲು ನೀರಿನ ತೊರೆ, ತಿನ್ನಲು ತಾಜಾ ಖರ್ಜೂರ. ಜನರ ಪ್ರಶ್ನೆಗೆ ಉತ್ತರ ಕೊಡುವ ಹೊರೆಯನ್ನೂ ಅವರ ಮೇಲಿಂದ ಇಳಿಸಲಾಯಿತು. ಮೊದಲು ಸಮಾಧಾನ, ಆಮೇಲೆ ಆಹಾರ, ಪ್ರಶ್ನೆಗಳೆಲ್ಲ ಕೊನೆಗೆ. ಹೆರುವ ಹೆಣ್ಣನ್ನು ನೋಡಿಕೊಳ್ಳಬೇಕಾದ ಕ್ರಮ ಇದು.

ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ನೋಡಿದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಅವಳಿ ಮಕ್ಕಳನ್ನು ಹೊತ್ತಿದ್ದ ಒಬ್ಬ ಬಡ ತಮಿಳು ಮಹಿಳೆಗೆ ನೋವು ಶುರುವಾಯಿತು. ನೆರೆಹೊರೆಯವರು ಕೈಯಲ್ಲಿದ್ದ ಹಣ ಒಟ್ಟುಗೂಡಿಸಿ ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ತಾಯಿ ಕಾರ್ಡ್ ಎಲ್ಲಿ, ಆಧಾರ್ ಎಲ್ಲಿ ಎಂಬ ಮಾತು ಬಂತು. ಬೆಂಗಳೂರಿಗೆ ಹೋಗಿ ಎಂದರು. ಹೋಗಲು ಹಣವಿರಲಿಲ್ಲ. ಆಕೆ ಮನೆಗೆ ಮರಳಿದರು. ಮನೆಯಲ್ಲೇ ಹೆರಿಗೆಯಾಗಿ ತಾಯಿ ಮತ್ತು ಎರಡೂ ಕೂಸುಗಳು ಉಳಿಯಲಿಲ್ಲ. ಬಳಿಕ ವೈದ್ಯರು ಮತ್ತು ದಾದಿಯರು ಅಮಾನತಾದರು. ತುರ್ತಿನಲ್ಲಿ ದಾಖಲೆ ಇಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸಬಾರದೆಂದು ಸರ್ಕಾರ ಹೇಳಿತು. ಆದರೆ ಹೋದ ಮೂರು ಜೀವ ಮರಳಲಿಲ್ಲ.

ಹಝ್ರತ್ ಉಮರ್(ರ) ಖಲೀಫರಾಗಿದ್ದಾಗಿನ ಘಟನೆ ನಿಮಗೆ ಗೊತ್ತು. ರಾತ್ರಿ ಗಸ್ತಿನಲ್ಲಿ ಒಂದು ಡೇರೆಯಿಂದ ನರಳಾಟ ಕೇಳಿಸಿತು. ಪರವೂರಿನವನೊಬ್ಬನ ಹೆಂಡತಿಗೆ ಹೆರಿಗೆ ನೋವು, ಹತ್ತಿರ ಒಬ್ಬ ಹೆಂಗಸೂ ಇಲ್ಲ. ಉಮರ್(ರ) ಮನೆಗೆ ಹೋಗಿ ಪತ್ನಿ ಉಮ್ಮು ಕುಲ್ಸೂಮ್‌(ರ)ರನ್ನು ಕರೆತಂದರು. ಅವರು ಒಳಗೆ ಹೆರಿಗೆ ಮಾಡಿಸಿದರೆ, ಖಲೀಫರು ಹೊರಗೆ ಒಲೆ ಊದಿ ಅಡುಗೆ ಮಾಡಿದರು. ಹೆರುವವಳ ಪಕ್ಕದಲ್ಲಿ ತನ್ನವರೊಬ್ಬರು ಇರಬೇಕೆಂದು ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ನಮ್ಮ ಹಿರಿಯರು ಅದನ್ನು ಅಂದೇ ಮಾಡಿ ತೋರಿಸಿದ್ದಾರೆ.

ಸಹೋದರರೇ, ಹಕ್ಕುಗಳನ್ನು ತಿಳಿದುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಕಾಯಿಲೆ ಬಿದ್ದ ನವಜಾತ ಶಿಶುವಿಗೂ ಚಿಕಿತ್ಸೆ ಉಚಿತ. 2019ರಲ್ಲಿ ಬಂದ ಸುಮನ್ ಯೋಜನೆ, ಯಾರನ್ನೂ ವಾಪಸ್ ಕಳಿಸದೆ ಗೌರವದಿಂದ ಆರೈಕೆ ಮಾಡಬೇಕೆಂದು ಹೇಳುತ್ತದೆ. ಹೆರಿಗೆ ಕೋಣೆಯಲ್ಲಿ ಪರದೆ ಕೇಳುವುದು, ಜೊತೆಗೆ ತಾಯಿಯೋ ಅತ್ತೆಯೋ ಇರಲಿ ಎನ್ನುವುದು, ಏನು ಚುಚ್ಚುಮದ್ದು ಕೊಡುತ್ತಿದ್ದೀರಿ ಎಂದು ವಿಚಾರಿಸುವುದು ಅಧಿಕಪ್ರಸಂಗವಲ್ಲ. ಹೊಡೆಯುವ, ಬೈಯುವ, ಬುರ್ಖಾ ನೋಡಿ ಅಥವಾ ಮಕ್ಕಳ ಲೆಕ್ಕ ಹಿಡಿದು ಹಂಗಿಸುವ ಅಧಿಕಾರ ಯಾರಿಗೂ ಇಲ್ಲ. ಹಾಗಾದರೆ ದೂರನ್ನು ಬರೆದು ಕೊಡಿ. ಬರೆಯಲು ಬಾರದಿದ್ದರೆ ಮಸೀದಿಗೆ ಬನ್ನಿ, ನಾವು ಬರೆದುಕೊಡುತ್ತೇವೆ. ಆದರೆ ಗಲಾಟೆ ಬೇಡ, ಕೈ ಎತ್ತುವುದು ಬೇಡವೇ ಬೇಡ. ಒಬ್ಬ ದಾದಿ ಎಷ್ಟೋ ಹಾಸಿಗೆ ನೋಡಿಕೊಳ್ಳುವ ಕಷ್ಟವೂ ಇದೆ. ಪ್ರೀತಿಯಿಂದ ನೋಡಿಕೊಂಡವರಿಗೆ ಧನ್ಯವಾದ ಹೇಳುವುದನ್ನೂ ಮರೆಯಬೇಡಿ.

ಇನ್ನು ನಮ್ಮ ಕರ್ತವ್ಯ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ ತಾಯಿ ಕಾರ್ಡ್ ಮಾಡಿಸದೆ ನಾಳೆ ಎನ್ನುವವರು ನಾವು. ನೋವು ಬಂದ ಮೇಲೆ 108ಕ್ಕೆ ಕರೆ ಮಾಡುವ ಬದಲು ಮನೆಯ ಹಿರಿಯರು ಬರಲಿ ಎಂದು ಕಾಯುವವರೂ ನಾವು. ಆಸ್ಪತ್ರೆಯಲ್ಲಿ ಒಂದು ಕಟುಮಾತು ಕೇಳಿ ಬಂದವಳಿಗೆ, ಮನೆಯಲ್ಲಿ "ಮತ್ತೆ ಹೆಣ್ಣಾ?" ಎಂಬ ಇನ್ನೊಂದು ಮಾತು ಕಾದಿರುತ್ತದೆ. ಹೆಣ್ಣು ಹುಟ್ಟಿದ ಸುದ್ದಿಗೆ ಮುಖ ಕಪ್ಪಿಡುವವರನ್ನು ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ ಖಂಡಿಸಿದೆ. ಮಗುವಿನ ನೆಪದಲ್ಲಿ ತಾಯಿಗೆ ತೊಂದರೆ ಕೊಡಬಾರದು, ಹಾಲೂಡಿಸುವವಳ ಅನ್ನ ಬಟ್ಟೆ ತಂದೆಯ ಹೊಣೆ ಎಂದು ಅಲ್‌ಬಖರಾದ 233ನೇ ವಚನ ಕಲಿಸುತ್ತದೆ.

ಕೂಸಿಗೂ ಹಕ್ಕಿದೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು ಅದಕ್ಕೆ ಸಿಗಬೇಕು. ಆ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಅಝಾನ್ ಹೇಳುವವರು ಬರಲಿ ಎಂದು ಮಗುವನ್ನು ಹಸಿವಿನಲ್ಲಿ ಇಡಬೇಡಿ. ಅಝಾನ್‌ಗೆ ಒಂದೆರಡು ನಿಮಿಷ ಸಾಕು, ತಂದೆಯೇ ಹೇಳಬಹುದು. ಜೇನುತುಪ್ಪ ನೆಕ್ಕಿಸುವುದು ಎಳೆಗೂಸಿಗೆ ಅಪಾಯ ಎನ್ನುತ್ತಾರೆ ವೈದ್ಯರು, ಅವರ ಮಾತು ಕೇಳಿ. ನಮಾಝಿನ ನಡುವೆ ಮಗುವಿನ ಅಳು ಕೇಳಿದರೆ ಅದರ ತಾಯಿಗೆ ಸಂಕಟವಾಗುತ್ತದೆಂದು ಪ್ರವಾದಿ(ಸ)ರು ನಮಾಝನ್ನೇ ಚಿಕ್ಕದಾಗಿಸುತ್ತಿದ್ದರು.

ಹೆರಿಗೆಯಲ್ಲಿ ತೀರಿಕೊಂಡವಳು ಶಹೀದ್ ಎಂದು ಹದೀಸ್‌ನಲ್ಲಿದೆ. ಅದು ಅವಳಿಗೆ ಅಲ್ಲಾಹನು ಕೊಡುವ ಸ್ಥಾನ. ಅವಳನ್ನು ಉಳಿಸಬಹುದಾಗಿದ್ದೂ ಉದಾಸೀನ ಮಾಡಿದ ನಮಗೆ ಅದು ನೆಪವಾಗಬಾರದು. ನಮ್ಮನ್ನು ಬೇರೆಯೇ ಪ್ರಶ್ನೆ ಕೇಳಲಾಗುತ್ತದೆ.

ಆ ಯುವಕನಿಗೆ ನಾನು ಹೇಳಿದ್ದಿಷ್ಟೇ: "ಮನೆಗೆ ಹೋಗಿ ನಿನ್ನ ಹೆಂಡತಿಯ ಪಕ್ಕ ಕುಳಿತುಕೋ. ನಿನಗೆ ಆದದ್ದು ತಪ್ಪು, ನೀನು ಕೂಗಿದ್ದು ತಪ್ಪಲ್ಲ ಎನ್ನು." ಅಂದು ಅವಳಿಗೆ ಸಿಗಬೇಕಿದ್ದ ಮೊದಲ ಮಾತು ತಡವಾಗಿಯಾದರೂ ಸಿಗಲಿ.

ಅಲ್ಲಾಹನು ನಮ್ಮ ತಾಯಂದಿರಿಗೆ, ಗರ್ಭಿಣಿಯರಿಗೆ, ಎಳೆಯ ಕೂಸುಗಳಿಗೆ ಆರೋಗ್ಯ ನೀಡಲಿ. ಅವರ ಸೇವೆ ಮಾಡುವ ಕೈಗಳಿಗೆ ಕರುಣೆ ಕೊಡಲಿ. ನಮ್ಮ ನಾಲಿಗೆಯಿಂದ ಸಾಂತ್ವನದ ಮಾತುಗಳನ್ನೇ ಆಡಿಸಲಿ. ಆಮೀನ್.